ಮೋತ್ಯಾನ ಮೋಟಾರು ಸವಾರಿ

ವಾರ್ಷಿಕ ಸಂಚಿಕೆಗೆ ಲೇಖನ ಬೇಕೆಂದು ನಮ್ಮ ಗುರುಗಳು ಅಪ್ಪಣೆ ಮಾಡಿದಾಗ ಗೆಳೆಯರೆಲ್ಲ ಒಳ್ಳೊಳ್ಳೆಯ ವಿಷಯಗಳನ್ನು ಮುಂಚೆಯೇ ಹಿಡಿದುಕೊಂಡುಬಿಟ್ಟರು. ಒಬ್ಬನಿಗೆ ಕಿತ್ತೂರ ಚೆನ್ನಮ್ಮ ಸಿಕ್ಕಳು, ಇನ್ನೊಬ್ಬನಿಗೆ ಗಡಿ ಪ್ರಶ್ನೆ, ಮತ್ತೊಬ್ಬನಿಗೆ ಭಾರತದ ಆರ್ಥಿಕ ಪ್ರಗತಿ. ನನ್ನ ಪಾಲಿಗೆ ಉಳಿದದ್ದು ನಮ್ಮ ಮನೆಯ ನಾಯಿ. ಊರಿಗೆ ಹೋದಾಗ ಈ ಸಂಗತಿಯನ್ನು ತಂದೆಗೆ ಹೇಳಿದೆ. ಅವರು ಮೋಟಾರಿನ ಗಾಜು ಒರೆಸುತ್ತಿದ್ದವರು ಕೈ ನಿಲ್ಲಿಸಿ, "ನಾಯಿ ಮ್ಯಾಲ ಬರ್ಯಾಕ ಬಿ.ಎ. ಓದಬೇಕಾಗಿತ್ತೇನಪಾ?" ಅಂದರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಲು ಹತ್ತಿದವರಲ್ಲಿ ನಾನೇ ಮೊದಲಿಗ. ಅಪ್ಪ ನಾಲ್ಕನೆಯ ಇಯತ್ತೆಯಲ್ಲಿ ಪಾಟಿ ಕೆಳಗಿಟ್ಟವರು. ಆದ್ದರಿಂದ ಈ ಪ್ರಶ್ನೆಗೆ ಉತ್ತರ ಕೊಡುವದು ನನ್ನ ಜವಾಬ್ದಾರಿ.

ನಮ್ಮೂರು ಕೃಷ್ಣೆಯ ಎಡದಂಡೆಯ ಮೇಲಿದೆ. ಈಚೆಗೆ ಅಥಣಿಯಿಂದ ಬೇರೆಯಾದ ಕಾಗವಾಡ ತಾಲೂಕಿಗೆ ಸೇರಿದ್ದು. ಕಚೇರಿಯ ಕೆಲಸಕ್ಕೆ ನಾವು ಬೆಳಗಾವಿಯ ಕಡೆಗೆ ನೋಡಬೇಕು, ಜಡ್ಡು ಬಂದರೆ ಮಾತ್ರ ಮಿರಜಿನ ಕಡೆಗೆ. ಅಲ್ಲಿ ಮಿಶನ್ ದವಾಖಾನೆ ಹುಟ್ಟಿದ ಕಾಲದಿಂದಲೂ ಇದು ನಡೆದುಬಂದ ರೂಢಿ. ನಡುವೆ ಒಂದು ರಾಜ್ಯದ ಗಡಿ ಇದೆ ಎಂಬುದು ಬೇನೆ ತಿನ್ನುವವರಿಗೆ ನೆನಪಿರುವದಿಲ್ಲ. ಅಪ್ಪನ ಹೊಟ್ಟೆಪಾಡು ಈ ದಾರಿಯ ಮೇಲೆಯೇ ನಿಂತಿತ್ತು. ಅವರದೊಂದು ಬಿಳಿಯ ಓಮ್ನಿ ಬಾಡಿಗೆ ಗಾಡಿ. ಪಕ್ಕಕ್ಕೆ ಸರಿಯುವ ಬಾಗಿಲಿನದು, ಹಿಂದಿನ ಸೀಟು ಮಡಿಚಿದರೆ ಒಬ್ಬರು ಮಲಗಬಹುದು. 2019ರಲ್ಲಿ ಕಂಪನಿಯವರು ಆ ಗಾಡಿಯನ್ನು ತಯಾರಿಸುವದನ್ನೇ ನಿಲ್ಲಿಸಿದರೆಂದು ಕೇಳಿ ಅಪ್ಪ ಎರಡು ದಿನ ಮುಖ ಬಾಡಿಸಿಕೊಂಡಿದ್ದರು. ಬಸುರಿಯರು, ಕಾಲು ಮುರಿದವರು, ರಾತ್ರಿ ಎದೆ ಹಿಡಿದುಕೊಂಡವರು, ಎಲ್ಲರನ್ನೂ ಆ ಗಾಡಿ ಮಿರಜಿಗೆ ಒಯ್ದಿದೆ. ಒಂದಿಬ್ಬರು ದಾರಿಯಲ್ಲಿಯೇ ಹುಟ್ಟಿದ್ದಾರೆ.

ಇನ್ನು ಮೋತ್ಯಾ. ನಮ್ಮ ಹೊಲದಲ್ಲಿ ಕುರಿ ತರುಬಿದ ಒಬ್ಬ ಕುರಿಗಾರನು ಇದನ್ನು ಮರಿಯಾಗಿದ್ದಾಗ ಕೊಟ್ಟು, "ಅಸಲ ಮುಧೋಳ ಜಾತೀರಿ" ಎಂದು ಹೇಳಿ ಹೋದನು. ಮುಧೋಳದ ನಾಯಿಯ ಕುಲ ಸಾಮಾನ್ಯವಾದದ್ದಲ್ಲ. ಅಲ್ಲಿಯ ಘೋರ್ಪಡೆ ಅರಸರು ಅದನ್ನು ಸಾಕಿ ಬೆಳೆಸಿದರು. 2005ರಲ್ಲಿ ಸರಕಾರದವರು ಅದರ ಚಿತ್ರದ ಅಂಚೆಚೀಟಿ ತೆಗೆದರು. ಸೈನ್ಯದವರು ಸಹ ಅದನ್ನು ಕೆಲಸಕ್ಕೆ ಕಲಿಸಲು ಒಯ್ದಿದ್ದಾರೆ. ನಮ್ಮ ಮೋತ್ಯಾನ ಕಾಲು ಉದ್ದ, ಸೊಂಟ ಸಣ್ಣದು, ಮೋರೆ ಚೂಪು. ಅಷ್ಟರಮಟ್ಟಿಗೆ ಕುರಿಗಾರನ ಮಾತು ನಿಜ. ಆದರೆ ಅಂಥ ಶೂರರ ವಂಶದ ಈ ಪ್ರಾಣಿ ಕುಕ್ಕರಿನ ಸೀಟಿಗೆ ಹೆದರುತ್ತಿತ್ತು. ಗುಡುಗಿಗೆ, ಟ್ರ್ಯಾಕ್ಟರಿನ ಸದ್ದಿಗೆ, ಬಿಂದಿಗೆಯಿಂದ ನೀರು ಸುರಿವಿದರೆ ಆ ಶಬ್ದಕ್ಕೂ ಸಹ. ಹೆದರಿದಾಗ ಬೊಗಳುತ್ತಿದ್ದಿಲ್ಲ. ಗೋಡೆಗೆ ಬೆನ್ನು ಹಚ್ಚಿ ನಿಂತು ನಡುಗುತ್ತಿತ್ತು, ಬಾಯಿಂದ ಜೊಲ್ಲು ಇಳಿಯುತ್ತಿತ್ತು.

ಹುಟ್ಟುಗುಣವಲ್ಲ ಅದು. 2019ರ ಆಗಸ್ಟಿನಲ್ಲಿ ಮಹಾರಾಷ್ಟ್ರದ ಘಟ್ಟಗಳಲ್ಲಿ ಮಳೆ ಹಿಡಿದು ಕೃಷ್ಣೆ, ದೂಧಗಂಗೆ, ವೇದಗಂಗೆಗಳೆಲ್ಲ ಒಮ್ಮೆಲೆ ಉಕ್ಕಿದ್ದು ಚಿಕ್ಕೋಡಿ, ರಾಯಬಾಗ, ಅಥಣಿಯ ಕಡೆಯ ವಾಚಕರಿಗೆ ನಾನು ಹೇಳಬೇಕಾಗಿಲ್ಲ. ನಿಪ್ಪಾಣಿಯ ಹತ್ತಿರ ಹೆದ್ದಾರಿಯೇ ಮುಳುಗಿ ಲಾರಿಗಳು ದಿನಗಟ್ಟಲೆ ಸಾಲು ಹಿಡಿದು ನಿಂತಿದ್ದವು. ನಮ್ಮ ಊರನ್ನು ಬಿಡಬೇಕಾದ ದಿನ ಅಪ್ಪ ಆಯಿಯನ್ನೂ ಅವ್ವನನ್ನೂ ಓಮ್ನಿಯಲ್ಲಿ ಮುಂದೆ ಕರೆದೊಯ್ದರು. ದನಗಳನ್ನು ಟ್ರ್ಯಾಕ್ಟರಿಗೆ ಹತ್ತಿಸುವ ಕೆಲಸ ಕಾಕಾನದು ಮತ್ತು ನನ್ನದು. ಮೋತ್ಯಾ ದನಗಳ ಕಾಲಲ್ಲಿ ತೊಡರಹತ್ತಿತು. ನಾನು ಸಿಟ್ಟಿನಿಂದ ಅದನ್ನು ಒಯ್ದು ಬಣವಿಯ ಮಗ್ಗಲಿನ ಬೇವಿನ ಗಿಡಕ್ಕೆ ಕಟ್ಟಿದೆ. ಆಮೇಲೆ ನೀರು ಅಂಗಳಕ್ಕೆ ಬಂದಿತು. ಎಲ್ಲರೂ ಕೂಗಾಡಿದರು. ಟ್ರ್ಯಾಕ್ಟರು ಹೊರಟಿತು. ಪರಿಹಾರ ಕೇಂದ್ರದ ಶಾಲೆಯಲ್ಲಿ ಅಪ್ಪ, "ಮೋತ್ಯಾ ಎಲ್ಲೈತಿ?" ಎಂದು ಕೇಳಿದಾಗ ನನ್ನ ಬಾಯಿಂದ ಬಂದ ಮಾತು ಇದು: "ಬಿಟ್ಟೀನಪ್ಪಾ, ಹಿಂದ ಓಡಿ ಬರತಿತ್ತು."

ಮೂರನೆಯ ದಿನ ಅಪ್ಪ ದೋಣಿಯವರ ಸಂಗಡ ಹೋಗಿ ಅದನ್ನು ತಂದರು. "ಬಣವಿ ಮ್ಯಾಲ ಕುಂತಿತ್ತು" ಎಂದಷ್ಟೇ ಹೇಳಿದರು. ಕೊರಳಲ್ಲಿ ಹಗ್ಗವಿದ್ದಿಲ್ಲ. ನಾನು ಹೆಚ್ಚು ಕೇಳಲಿಲ್ಲ. ಅಂದಿನಿಂದ ಮೋತ್ಯಾ ನಡುಗುವದನ್ನು ಕಲಿಯಿತು, ನಾನು ಅದರ ಕಣ್ಣು ತಪ್ಪಿಸುವದನ್ನು ಕಲಿತೆ.

ಮುಂದಿನ ವರ್ಷ ಮಹಾಮಾರಿ ಬಂತು. 2020ರ ಮಾರ್ಚ್ 22ರ ಸಂಜೆ ಐದು ಗಂಟೆಗೆ ದೇಶದ ತುಂಬ ಜನರು ಚಪ್ಪಾಳೆ ಹೊಡೆದು ತಾಟು ಬಾರಿಸಿದರಷ್ಟೆ. ನಮ್ಮೂರವರು ಹಿಂದೆ ಬೀಳುವವರಲ್ಲ. ಹಲಗೆ, ಜಾಗಟೆ, ಹಿತ್ತಾಳೆಯ ಪರಾತ ಎಲ್ಲವೂ ಹೊರಗೆ ಬಂದವು. ಮೋತ್ಯಾ ಎಲ್ಲಿಯೋ ಮಾಯವಾಯಿತು. ಕತ್ತಲಾಗುವವರೆಗೆ ಹುಡುಕಿದೆವು. ಕೊನೆಗೆ ನೋಡಿದರೆ ಬಾಗಿಲು ತೆರೆದು ನಿಲ್ಲಿಸಿದ ಓಮ್ನಿಯ ಒಳಗೆ, ಹಿಂದಿನ ಸೀಟಿನ ಕೆಳಗೆ ಮುದುಡಿಕೊಂಡಿತ್ತು. ನಡುಗುತ್ತಿದ್ದಿಲ್ಲ ಎಂಬುದೇ ಆಶ್ಚರ್ಯ. ನಾನು ಎಳೆಯಲು ಹೋದೆ. ಅಪ್ಪ ಬೇಡವೆಂದರು. "ಇರಲಿ ಬಿಡೊ, ಅದಕ್ಕ ಅಲ್ಲಿ ಬರೋಬ್ಬರಿ ಅನಸೇತಿ."

ಮೂರು ದಿನಕ್ಕೆ ದೇಶವೆಲ್ಲ ಬಂದ್ ಆಯಿತು. ಕಾಗವಾಡದ ಚೆಕ್‌ಪೋಸ್ಟಿನಲ್ಲಿ ಮಿರಜಿನ ದಾರಿ ಮುಚ್ಚಿತು. ಏಪ್ರಿಲಿನಲ್ಲಿ ಹೊಳೆಯ ಆಚೆಗಿನ ಕುಡಚಿಯನ್ನೂ ಮುಚ್ಚಿದರು. ಮಾರ್ಚ್ 27ಕ್ಕೆ ಆರಂಭವಾಗಬೇಕಾಗಿದ್ದ ನನ್ನ ಎಸ್.ಎಸ್.ಎಲ್.ಸಿ. ಪರೀಕ್ಷೆ ಮುಂದಕ್ಕೆ ಹೋಯಿತು. ನಾನು ಪುಸ್ತಕ ಮುಂದಿಟ್ಟುಕೊಂಡು ಕೂಡ್ರುತ್ತಿದ್ದೆ, ಅಪ್ಪ ಓಮ್ನಿಯನ್ನು ಮುಂದಿಟ್ಟುಕೊಂಡು ಕೂಡ್ರುತ್ತಿದ್ದರು. ಇಪ್ಪತ್ತು ವರ್ಷ ಸ್ಟೇರಿಂಗು ಹಿಡಿದ ಕೈಗಳಿಗೆ ಕೆಲಸವಿಲ್ಲ. ಬಾಯಿಯಿಂದ ಏನೂ ಹೇಳುತ್ತಿದ್ದಿಲ್ಲ, ರಾತ್ರಿ ಎದ್ದು ಅಂಗಳದಲ್ಲಿ ಅಡ್ಡಾಡುತ್ತಿದ್ದರು. ಎಂಟು ದಿನ ಕಳೆದ ಮೇಲೆ ಒಂದು ಸಂಜೆ, "ಗಾಡಿ ನಿಂದ್ರಿಸಿದರ ಬ್ಯಾಟರಿ ಬೀಳತೈತಿ" ಎಂದು ಎದ್ದು ಹೋಗಿ ಎಂಜಿನ್ನು ಚಾಲೂ ಮಾಡಿದರು. ಆ ಮಾತು ಸುಳ್ಳಲ್ಲ. ಆದರೆ ಒಳಗೆ ಮೋತ್ಯಾ ಇತ್ತು, ಅದು ಅವರಿಗೆ ತಿಳಿದೂ ಇತ್ತು.

ಆಮೇಲಿನ ಕ್ರಮವನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಯಾಕಂದರೆ ಅಂಜುಬುರುಕ ನಾಯಿ ಇದ್ದವರಿಗೆ ಉಪಯೋಗವಾದೀತು. ಮೊದಲ ಮೂರು ದಿನ ಅಪ್ಪ ಗಾಡಿಯನ್ನು ಒಂದು ಗೇಣೂ ಮುಂದೆ ಒಯ್ಯಲಿಲ್ಲ. ಎಂಜಿನ್ನು ತಿರುಗುತ್ತಿತ್ತು, ಬಾಗಿಲು ತೆರೆದೇ ಇತ್ತು, ಬೇಕಾದರೆ ಇಳಿದು ಹೋಗು ಎಂಬಂತೆ. ಮೋತ್ಯಾ ಎರಡು ಸಲ ಜಿಗಿದು ಓಡಿತು, ಎರಡು ಸಲವೂ ಸದ್ದು ನಿಂತ ಮೇಲೆ ತಿರುಗಿ ಬಂತು. ನಾಲ್ಕನೆಯ ದಿನ ಅಗಸಿಯ ತನಕ. ಆರನೆಯ ದಿನ ಮಾರುತಿ ಗುಡಿಯ ತನಕ, ಅಲ್ಲಿ ವಾಂತಿ ಮಾಡಿತು. ಅಂದಿನಿಂದ ಸವಾರಿಯಾದ ಮೇಲೆಯೇ ಅದಕ್ಕೆ ರೊಟ್ಟಿ. ಕೆಳಗೆ ಆಯಿಯ ಹಳೆಯ ಕೌದಿ ಹಾಸಿದೆವು, ಪರಿಚಿತ ವಾಸನೆ ಇರಲಿ ಎಂದು. ಗಾಜು ಮೂಗು ಹೊರಗಿಡುವಷ್ಟು ಮಾತ್ರ ಕೆಳಗೆ. ವೇಗ ಎತ್ತಿನ ಗಾಡಿಗಿಂತ ತುಸು ಹೆಚ್ಚು. ತಗ್ಗು ಬರುವ ಮುಂಚೆಯೇ ಗೇರು ಇಳಿಸಿ, ಬ್ರೇಕು ಒತ್ತಿದ್ದು ತಿಳಿಯದಂತೆ ಗಾಡಿಯನ್ನು ತೇಲಿಸುತ್ತಿದ್ದರು. ಇದನ್ನೆಲ್ಲ ಎಲ್ಲಿ ಕಲಿತಿರಿ ಎಂದು ಕೇಳಿದೆ. "ಬಸರಿ ಹೆಣಮಕ್ಕಳನ್ನ ಒಯ್ದು ಒಯ್ದು ಬಂದದ್ದೊ ಇದು. ಹೊಟ್ಟಿ ಅಲಗಬಾರದು" ಅಂದರು. ಅಪ್ಪನಿಗೆ ಇಷ್ಟು ವಿದ್ಯೆ ಬರುತ್ತದೆಂದು ನನಗೆ ಅದುವರೆಗೂ ಗೊತ್ತಿದ್ದಿಲ್ಲ.

ಹೆದ್ದಾರಿಗೆ ಹೋಗುವಂತಿದ್ದಿಲ್ಲ. ನಮ್ಮ ಸವಾರಿ ಊರ ಸೀಮೆಯ ಹೊಲದ ದಾರಿಗಳಲ್ಲಿಯೇ. ಎರಡೂ ಕಡೆಗೆ ಕಬ್ಬು. ಹಿಂದಿನ ವರ್ಷ ಹೊಳೆಯಲ್ಲಿ ಕೊಳೆತದ್ದರ ಬುಡದಿಂದ ಎದ್ದ ಕೂಳೆ ಅದು. ಮುಂದೆ ಒಂದು ದ್ರಾಕ್ಷಿಯ ತೋಟ, ಕೊಳ್ಳುವವರು ಬಾರದೆ ಬಳ್ಳಿಯಲ್ಲಿಯೇ ಹಣ್ಣು ಬಾಡುತ್ತಿದ್ದವು. ತೋಟದವನು ಮುಖವಸ್ತ್ರದೊಳಗಿಂದಲೇ, "ಒಯ್ಯೊ ಮಾರಾಯಾ, ನಿನ್ನ ನಾಯಿಗರೆ ಹಾಕು" ಎಂದು ಬುಟ್ಟಿ ತುಂಬಿ ಇಡುತ್ತಿದ್ದನು. (ನಾಯಿಗೆ ದ್ರಾಕ್ಷಿ ವಿಷ ಎಂದು ಆಮೇಲೆ ಓದಿದೆ. ಪುಣ್ಯಕ್ಕೆ ಮೋತ್ಯಾ ಮೂಸಿ ನೋಡಿ ಬಿಟ್ಟಿತ್ತು.) ಒಂದು ಸಂಜೆ ಕಬ್ಬು ಕಡಿಯುವ ಗ್ಯಾಂಗಿನವರು ಗಂಟು ಹೊತ್ತುಕೊಂಡು, ಚೆಕ್‌ಪೋಸ್ಟು ತಪ್ಪಿಸಿ ಹೊಲದ ಬದುವಿನ ಮೇಲೆ ಹಾದು ಹೋಗುತ್ತಿದ್ದರು. ಒಬ್ಬಾಕೆಯ ಬಗಲಲ್ಲಿ ಕೂಸು. ಗಾಡಿಯೊಳಗೆ ಕೌದಿಯ ಮೇಲೆ ಕುಳಿತ ನಾಯಿಯನ್ನು ಅವರು ನೋಡಿದರು. ಅಪ್ಪ ಗಾಡಿ ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಹತ್ತಿಸಿಕೊಳ್ಳಬೇಕಾಗುತ್ತಿತ್ತು, ಹತ್ತಿಸಿಕೊಂಡರೆ ಗಾಡಿ ಜಪ್ತಾಗುತ್ತಿತ್ತು. ಆ ರಾತ್ರಿ ಊಟಕ್ಕೆ ಏಳಲಿಲ್ಲ. ಮರುದಿನ ಆ ದಾರಿಯ ಮೇಲೆ ಒಂದು ಹರವಿ ನೀರು, ಬುಟ್ಟಿಯಲ್ಲಿ ರೊಟ್ಟಿ ಇಟ್ಟು ಬಂದೆವು. ಒಯ್ದವರಾರೋ ನಮಗೆ ತಿಳಿಯಲಿಲ್ಲ.

ನಗುವವರೂ ಇದ್ದರು. "ಸಾಹೇಬರ ಸವಾರಿ ಹೊಂಟಿತು" ಎಂದು ಕಟ್ಟೆಯ ಮೇಲಿನವರು ಸಲಾಮು ಹೊಡೆಯುತ್ತಿದ್ದರು. ಒಂದು ದಿನ ಪೋಲೀಸರೊಬ್ಬರು ಕೈಯೊಡ್ಡಿ, "ನಾಯಿಗೆ ಪಾಸ್ ಐತೇನು?" ಎಂದು ಕೇಳಿದರು. ಅಪ್ಪ ಇಳಿದು ಕೈ ಮುಗಿದು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಹೊಳೆ ಬಂದದ್ದು, ಬಣವಿ, ನಡುಕ. ಅವರು ಲಾಠಿಯನ್ನು ಬೆನ್ನ ಹಿಂದೆ ಮರೆಮಾಡಿ ಒಳಗೆ ಇಣಿಕಿ ನೋಡಿ, "ನಾಳಿಂದ ಈ ಕಡೆ ಬರಬ್ಯಾಡ್ರಿ" ಎಂದು ಬಿಟ್ಟರು.

ಮೇ ತಿಂಗಳ ಒಂದು ಸಂಜೆ ನಾವು ಆಗಲೇ ಹೊರಟಿದ್ದೆವು. ತಳವಾರ ಓಣಿಯ ಹಿರಿಯನೊಬ್ಬನು ಓಡುತ್ತ ಬಂದು ಗಾಡಿಗೆ ಅಡ್ಡ ನಿಂತನು. ಸೊಸೆಗೆ ಬ್ಯಾನಿ ಹತ್ತಿದೆ, ಆಂಬುಲನ್ಸು ಬೇರೆ ಕಡೆ ಹೋಗಿದೆ. ಮಿರಜ ಬಂದ್ ಇದ್ದುದರಿಂದ ಅಥಣಿಗೇ ಹೋಗಬೇಕು. ನಾಯಿಯನ್ನು ಇಳಿಸಿ ಮನೆಗೆ ಮುಟ್ಟಿಸುವಷ್ಟು ವೇಳೆ ಇದ್ದಿಲ್ಲ. ಮೋತ್ಯಾನನ್ನು ಮುಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ ತೆಗೆದುಕೊಂಡೆ. ಹಿಂದೆ ಆಕೆ, ಆಕೆಯ ಅತ್ತೆ. ದಾರಿಯುದ್ದಕ್ಕೂ ಆಕೆ ಚೀರುತ್ತಿದ್ದಳು. ಕುಕ್ಕರಿಗೆ ಹೆದರುವ ಪ್ರಾಣಿ ಇಂದು ಏನು ಮಾಡೀತೋ ಎಂದು ನಾನು ಎರಡೂ ಕೈಯಿಂದ ಅದನ್ನು ಅವುಚಿಕೊಂಡಿದ್ದೆ. ಅದರ ಎದೆ ನನ್ನ ಅಂಗೈಯಲ್ಲಿ ಹೊಡೆದುಕೊಳ್ಳುತ್ತಿತ್ತು. ಆದರೆ ಅದು ಅಲುಗಲಿಲ್ಲ, ಕಿವಿ ಹಿಂದಕ್ಕೆ ಮಾಡಿ ಅಪ್ಪನ ಕೈಗಳನ್ನೇ ನೋಡುತ್ತ ಕುಳಿತಿತ್ತು. ಗಂಡು ಮಗು ಹುಟ್ಟಿತೆಂದು ಒಳಗಿನಿಂದ ಸುದ್ದಿ ಬಂದಾಗ ರಾತ್ರಿ ಹತ್ತು ಗಂಟೆ.

ತಿರುಗಿ ಬರುವಾಗ ರಸ್ತೆಯಲ್ಲಿ ಒಂದು ನರಪಿಳ್ಳೆ ಇದ್ದಿಲ್ಲ. ದೀಪದ ಬೆಳಕಿನಲ್ಲಿ ಮೊಲವೊಂದು ಅಡ್ಡ ಹಾಯಿತು. ಮುಧೋಳದ ವಂಶಸ್ಥನು ನಿದ್ದೆಯಲ್ಲಿದ್ದನು. ಎಂಟೊಂಬತ್ತು ತಿಂಗಳಿಂದ ಗಂಟಲಲ್ಲಿ ಇದ್ದದ್ದು ಆಗ ಹೊರಗೆ ಬಂತು.

"ಅಪ್ಪಾ, ಹೊಳಿ ಬಂದಾಗ ಮೋತ್ಯಾನ್ನ ನಾ ಬಿಟ್ಟಿದ್ದಿಲ್ಲ. ಕಟ್ಟಿದ್ದೆ."

ಅಪ್ಪ ದಾರಿಯಿಂದ ಕಣ್ಣು ತೆಗೆಯಲಿಲ್ಲ. ಗೇರು ಬದಲಿಸಿದರು.

"ಗೊತ್ತೈತಿ. ಹಗ್ಗಾ ಕೊಯ್ದಾಂವ ನಾನ ಅಲ್ಲೇನು?"

ಮತ್ತೆ ಸ್ವಲ್ಪ ದೂರ ಹೋದ ಮೇಲೆ, "ಉದ್ದನ್ನ ಹಗ್ಗದಾಗ ಕಟ್ಟಿದ್ದಿ. ಅದಕ್ಕ ಬಣವಿ ಹತ್ತಾಕ ಬಂತು" ಅಂದರು. ಬೈದಿದ್ದರೆ ಅಳುತ್ತಿದ್ದಿಲ್ಲ. ಊರು ಬರುವವರೆಗೆ ನಾನು ಕಿಡಕಿಯ ಕಡೆಗೆ ಮೋರೆ ಮಾಡಿ ಕುಳಿತಿದ್ದೆ.

ಜೂನ್ 25ಕ್ಕೆ ಪರೀಕ್ಷೆ ಆರಂಭವಾಯಿತು. ಬಾಗಿಲಲ್ಲಿ ಹಣೆಗೆ ಯಂತ್ರ ಹಿಡಿದು ಜ್ವರ ನೋಡಿ ಒಳಗೆ ಬಿಟ್ಟರು. ಆರೂ ದಿನ ಓಮ್ನಿಯಲ್ಲಿಯೇ ಹೋದೆ, ಮೋತ್ಯಾ ಸಂಗಡ. ಪಾಸಾದೆ. ಗುಣಗಳ ಮಾತು ಇಲ್ಲಿ ಬೇಡ.

ಮೋತ್ಯಾ ಪೂರಾ ಧೈರ್ಯಶಾಲಿಯಾಯಿತೆಂದು ಬರೆದರೆ ಸುಳ್ಳಾದೀತು. ಗುಡುಗಿದರೆ ಇಂದಿಗೂ ನಡುಗುತ್ತದೆ. ಆದರೆ ಎಲ್ಲಿಗೆ ಹೋಗಬೇಕೆಂಬುದು ಅದಕ್ಕೆ ಗೊತ್ತಾಗಿದೆ. 2021ರ ಜುಲೈಯಲ್ಲಿ ಹೊಳೆ ಮತ್ತೆ ಏರಿತು. ನಾನು ಈ ಸಲ ಯಾವ ಕೆಲಸಕ್ಕೂ ಕೈ ಹಚ್ಚದೆ ಮೊದಲು ಅದನ್ನು ಹುಡುಕಿಕೊಂಡು ಓಡಿದೆ. ಮನೆಯಲ್ಲಿಲ್ಲ, ಬಣವಿಯ ಕಡೆಗೂ ಇಲ್ಲ. ಎದೆ ಒಡೆದಂತಾಗಿ ಅಂಗಳಕ್ಕೆ ಬಂದರೆ ಆಯಿ ಓಮ್ನಿಯ ಒಳಗಿನಿಂದ ಕೂಗುತ್ತಿದ್ದಳು: "ಏ ತಮ್ಮಾ, ಈ ನಾಯಿ ನನಗ ಜಾಗಾ ಬಿಡವಲ್ದು ನೋಡೊ!"

ಈಗ ಊರಲ್ಲಿ ಹೊಸ ಗಾಡಿಗಳು ಬಹಳ ಬಂದಿವೆ. ಓಮ್ನಿಗೆ ಬಾಡಿಗೆ ಸಿಗುವದು ವಾರಕ್ಕೆ ಒಂದೋ ಎರಡೋ. ಮೋತ್ಯಾನ ಮೋರೆ ಬೆಳ್ಳಗಾಗಿದೆ, ಹಿಂಗಾಲು ಎತ್ತಿ ಗಾಡಿಗೆ ಹತ್ತಿಸಬೇಕು. ನಾನು ಲೈಸನ್ಸು ತೆಗೆಸಿದ್ದೇನೆ. ರವಿವಾರ ಊರಿಗೆ ಹೋದಾಗ ಸಂಜೆಯ ಚಹ ಆದ ಮೇಲೆ ಅಪ್ಪ ಕೀಲಿಕೈಯನ್ನು ನನ್ನ ಮುಂದೆ ಇಡುತ್ತಾರೆ.

"ಬ್ಯಾಟರಿ ಬಿದ್ದೀತು. ಒಂದ ಸುತ್ತ ಹೊಡಕೊಂಡ ಬಾ," ಎನ್ನುತ್ತಾರೆ, "ತಗ್ಗಿನಾಗ ಸಾವಕಾಶ."