ಬಲಗೆನ್ನೆ

ವಾರದಲ್ಲಿ ಮೂರು ಬೆಳಿಗ್ಗೆ ಕರಾಟೆ, ತಿಂಗಳಿಗೊಂದು ಬೆಟ್ಟ, ಭಾನುವಾರ ಪೂಜೆ. ಉಳಿದಿದ್ದೆಲ್ಲ ಆಫೀಸಿಗೆ ಅರ್ಪಣೆ :) ಭಾನುವಾರವೇ ಚಾರಣ ಬಿತ್ತು ಅಂದ್ರೆ ಶನಿವಾರ ಸಂಜೆಯ ಪೂಜೆಗೆ ಹೋಗಿಬಿಡ್ತೀನಿ, ನಮ್ಮ ಕಥೋಲಿಕರಿಗೆ ಆ ಅನುಕೂಲ ಇದೆ. ಹಾಗಾಗಿ ಸಮಯದ್ದು ದೊಡ್ಡ ತಲೆನೋವಲ್ಲ. ತಲೆನೋವು ಅಮ್ಮನ ಪ್ರಶ್ನೆಯದ್ದು: "ಒಂದು ಕೆನ್ನೆಗೆ ಹೊಡೆದ್ರೆ ಇನ್ನೊಂದು ತೋರ್ಸು ಅಂದ ಸ್ವಾಮಿ ಮುಂದೆ ಮಂಡಿಯೂರ್ತೀಯ, ಆಮೇಲೆ ದುಡ್ಡು ಕೊಟ್ಟು ಗುದ್ದೋದು ಕಲೀತೀಯಲ್ಲೋ?"

ಇಂಜಿನಿಯರಿಂಗ್ ಸೇರಿದಾಗಿಂದ ನಾನು ಕಲೀತಿರೋದು ಶೋಟೋಕಾನ್. ಒಕಿನಾವಾದ ಮೇಷ್ಟ್ರು ಗಿಚಿನ್ ಫುನಕೋಶಿ 1922ರಲ್ಲಿ ಟೋಕಿಯೋಗೆ ಬಂದು ಬೆಳೆಸಿದ ಪದ್ಧತಿ. 'ಶೋಟೋ' ಅವರ ಕಾವ್ಯನಾಮ, ಗಾಳಿಗೆ ಅಲೆಯಾಡುವ ಪೈನ್ ಮರಗಳು ಅಂತ ಅರ್ಥ. ಊರ ಪಕ್ಕದ ಗುಡ್ಡದಲ್ಲಿ ಒಬ್ಬರೇ ಅಡ್ಡಾಡ್ತಿದ್ರಂತೆ. ಅಂದ್ರೆ ಗುರುಗಳೂ ನಮ್ಮ ಥರಾನೇ! ಅವರ ಫೋಟೋಗೆ ತಲೆಬಾಗೋದು ವಿಗ್ರಹಾರಾಧನೆ ಅಂತ ನಮ್ಮ ಚರ್ಚಿನ ಹಿರಿಯರೊಬ್ಬರು ಆಕ್ಷೇಪ ಎತ್ತಿದ್ರು. ನನಗೆ ಹಾಗನ್ನಿಸಲ್ಲ. ಶಾಲೇಲಿ ಮೇಷ್ಟ್ರು ಬಂದಾಗ ಎದ್ದು ನಿಲ್ತಿದ್ವಲ್ಲ, ಇದೂ ಅಷ್ಟೇ.

ಅಮ್ಮನ ಪ್ರಶ್ನೆ ಅಷ್ಟು ಸುಲಭ ಅಲ್ಲ. ಮೊದಲು ಕಲಿಸುವ ಐದು ಹೇಯಾನ್ ಕಟಾಗಳೂ ಶುರುವಾಗೋದು ತಡೆಯಿಂದ, ಏಟಿನಿಂದಲ್ಲ. ಇನ್ನು ಮತ್ತಾಯನ ಶುಭಸಂದೇಶದಲ್ಲಿ (5:39) ಇರೋದು ಬರೀ ಕೆನ್ನೆ ಅಲ್ಲ, ಬಲಗೆನ್ನೆ. ಎದುರಿಗೆ ನಿಂತವನು ಬಲಗೈಯಿಂದ ನಿಮ್ಮ ಬಲಗೆನ್ನೆಗೆ ಹೊಡೀಬೇಕು ಅಂದ್ರೆ ಕೈಯ ಹಿಂಭಾಗದಿಂದಲೇ ಬೀಸಬೇಕು. (ಪಕ್ಕದವರ ಮೇಲೆ ಪ್ರಯೋಗ ಬೇಡ, ಪ್ಲೀಸ್!) ಅದು ಗಾಯ ಮಾಡೋ ಏಟಲ್ಲ, ಅವಮಾನ ಮಾಡೋ ಏಟು ಅಂತ ಕೆಲವು ವ್ಯಾಖ್ಯಾನಕಾರರು ಹೇಳ್ತಾರೆ. ಸರಿ, ನನಗಾದ ಅವಮಾನ ನುಂಗಿಕೊಳ್ಳೋಣ. ಪಕ್ಕದವನ ಮೇಲೆ ಕೈ ಮಾಡಿದ್ರೆ? ಯೊವಾನ್ನನ ಶುಭಸಂದೇಶದ 18ನೇ ಅಧ್ಯಾಯದಲ್ಲಿ, ವಿಚಾರಣೆ ವೇಳೆ ಕಾವಲುಗಾರನೊಬ್ಬ ಕೆನ್ನೆಗೆ ಹೊಡೆದಾಗ ಯೇಸು ತಿರುಗಿ ಹೊಡೆಯಲಿಲ್ಲ. ಇನ್ನೊಂದು ಕೆನ್ನೆ ಒಡ್ಡಲೂ ಇಲ್ಲ. ಯಾಕೆ ಹೊಡೆದೆ ಅಂತ ನೇರವಾಗಿ ಕೇಳಿದ್ರು.

ಇಷ್ಟು ಓದಿದ್ದು. ಪರೀಕ್ಷೆ ಬಂದಿದ್ದು ಸಾವನದುರ್ಗದಲ್ಲಿ. 1226 ಮೀಟರ್ ಎತ್ತರದ ಬೋಳು ಬಂಡೆ. ಇಳಿಯುವಾಗ ಹೆದರಿ ಹಿಂದಕ್ಕೆ ವಾಲಿದ್ರೆ ಜಾರೋದೇ. ಮಂಡಿ ಬಗ್ಗಿಸಿ, ಪಾದ ಪೂರ್ತಿ ಊರಿ ಇಳೀಬೇಕು, ಕರಾಟೆಯಲ್ಲಿ ನಿಲ್ಲೋ ಹಾಗೇ. ಕಾಲು ನಡುಗ್ತಾ ಕೆಳಗೆ ಬಂದ್ರೆ, ಬೈಕ್ ನಿಲ್ಲಿಸಿದ ಜಾಗದ ವಿಷಯಕ್ಕೆ ಕುಡಿದಿದ್ದ ಒಬ್ಬ ನನ್ನ ಗೆಳೆಯನ ಕೊರಳಪಟ್ಟಿ ಹಿಡಿದ. ನಾನು ಮಧ್ಯೆ ಹೋದೆ. ಛಟೀರ್ ಅಂತ ಕೆನ್ನೆಗೆ ಬಿತ್ತು (ಎಡಗೆನ್ನೆಗೆ, ವ್ಯಾಖ್ಯಾನಕಾರರು ಕ್ಷಮಿಸಲಿ). ಎರಡನೇ ಏಟು ತಡೆದು, ಅವನ ಮಣಿಕಟ್ಟು ಹಿಡ್ಕೊಂಡು "ಯಾಕಣ್ಣ ಹೊಡೆದ್ರಿ?" ಅಂದೆ. ಉತ್ತರ ಬರಲಿಲ್ಲ. ಕೈ ಬಿಟ್ಟ ಮೇಲೆ ಗೊಣಗ್ತಾ ಹೋದ.

ಮಾಗಡಿ ರಸ್ತೆಯುದ್ದಕ್ಕೂ ಗೆಳೆಯನ ಸಿಟ್ಟೆಲ್ಲ ನನ್ನ ಮೇಲೆ. "ಇಷ್ಟು ವರ್ಷ ಕಲ್ತಿದ್ದು ಇದಕ್ಕೇನೋ ಮಗಾ? ಒಂದೇ ಒಂದು ಬಿಟ್ಟಿದ್ರೆ ಸಾಕಿತ್ತು." ನಿಜ ಹೇಳ್ಬೇಕಂದ್ರೆ ಬಿಡೋ ಆಸೆ ನನಗೂ ಇತ್ತು. ರಾತ್ರಿ ಆ ಮನುಷ್ಯನಿಗಾಗಿ ಪ್ರಾರ್ಥನೆ ಮಾಡೋಣ ಅಂತ ಕೂತೆ. ಮೊದಲ ಐದು ನಿಮಿಷ ಕಣ್ಮುಂದೆ ಬಂದಿದ್ದು ಬರೀ ಅವನ ದವಡೆ... ಎಷ್ಟು ಸಲೀಸಾಗಿ ಸಿಗ್ತಿತ್ತು!