ಬುದ್ಧಿಹಲ್ಲು ಹೋದ ಮೇಲೆ

ಮನುಷ್ಯನ ಬಾಯಲ್ಲಿ ಕಟ್ಟಕಡೆಗೆ ಮೂಡುವ ನಾಲ್ಕು ದವಡೆಹಲ್ಲುಗಳಿಗೆ ಬುದ್ಧಿಹಲ್ಲುಗಳೆಂದು ಹೆಸರು. ಲ್ಯಾಟಿನ್ ಭಾಷೆಯವರು ಇವನ್ನು ಜ್ಞಾನದ ಹಲ್ಲುಗಳೆಂದು ಕರೆದರು. ಹಿಂದಿಯವರು ಅಕಲ್ ದಾಢ್ ಎನ್ನುತ್ತಾರೆ. ಸಾಮಾನ್ಯವಾಗಿ ೧೭ರಿಂದ ೨೫ರ ವಯಸ್ಸಿನೊಳಗೆ ಹುಟ್ಟುವುದರಿಂದ ಈ ಹೆಸರು ಬಂದಿತೇ ಹೊರತು ಆ ಹಲ್ಲಿಗೂ ಬುದ್ಧಿಗೂ ಬೇರೆ ನಂಟಿಲ್ಲ. ೨೮ ಹಲ್ಲುಗಳು ಮೊದಲೇ ಬಂದು ಪಂಕ್ತಿಯಲ್ಲಿ ಕುಳಿತ ಮೇಲೆ ಇವು ತಡವಾಗಿ ಬಂದ ಅತಿಥಿಗಳಂತೆ ಬಾಗಿಲಲ್ಲಿ ನಿಲ್ಲುತ್ತವೆ. ಎಡೆ ಸಿಕ್ಕಿದರೆ ಸರಿ. ಸಿಕ್ಕದಿದ್ದರೆ ಪಕ್ಕದವನ ಮೇಲೆ ಓರೆಯಾಗಿ ಒರಗುತ್ತವೆ, ಇಲ್ಲವೆ ಅರ್ಧ ವಸಡಿನೊಳಗೇ ಹುದುಗಿ ಉಳಿಯುತ್ತವೆ. ಆ ಅರ್ಧಮುಚ್ಚಿದ ವಸಡಿನ ಕೆಳಗೆ ಅನ್ನದ ಕಣ ಸೇರಿ, ಕೊಳೆತು, ಬಾವು ಬಂದು, ಕೊನೆಗೆ ವೈದ್ಯರು ವಸಡನ್ನು ಕೊಯ್ದು, ಕೆಲವೊಮ್ಮೆ ಎಲುಬನ್ನೂ ಕೊರೆದು ಹಲ್ಲನ್ನು ತೆಗೆಯಬೇಕಾಗುತ್ತದೆ. ತೆಗೆಯುವ ಕೆಲಸ ವೈದ್ಯರದು. ಅದು ಒಂದು ತಾಸಿನೊಳಗೆ ಮುಗಿಯುವುದೇ ಹೆಚ್ಚು. ಅನಂತರದ ಒಂದು ವಾರ ಬಾಯನ್ನು ಕಾಯುವ ಕೆಲಸ ಮಾತ್ರ ರೋಗಿಯದು. ತೊಡಕು ಅಲ್ಲಿಯೇ ಆರಂಭವಾಗುತ್ತದೆ.

ವಿದ್ಯಾರ್ಥಿನಿಲಯಗಳ ಮುಂಜಾವನ್ನು ಬಲ್ಲವರಿಗೆ ಆ ನಲ್ಲಿಗಳ ಸಾಲಿನ ಸದ್ದು ಗೊತ್ತು. ಒಬ್ಬನು ಬೆರಳಿನಿಂದ ಹಲ್ಲುಪುಡಿ ತಿಕ್ಕುತ್ತಾನೆ, ಇನ್ನೊಬ್ಬನು ಬೇವಿನ ಕಡ್ಡಿಯನ್ನು ಅಗಿಯುತ್ತಾನೆ, ಮತ್ತೊಬ್ಬನು ನಾಲಿಗೆಯನ್ನು ಹೆರೆಯುತ್ತ ಹೊಟ್ಟೆಯೊಳಗಿನದೆಲ್ಲ ಹೊರಬರುವಂತೆ ಓಕರಿಸುತ್ತಾನೆ. ಮುಕ್ಕಳಿಸಿ ಉಗಿಯುವ ರಭಸದಿಂದಲೇ ಶುಚಿತ್ವವನ್ನು ಅಳೆಯುವ ವಾಡಿಕೆ ಅಲ್ಲಿಯದು. ಚಿಕ್ಕಂದಿನಿಂದ ತಾಯಂದಿರೂ ಗುರುಗಳೂ ಕಲಿಸಿದ್ದೇ ಅದು, ತಪ್ಪೆನ್ನುವಂತೆಯೂ ಇಲ್ಲ.

ಅಂಥದೊಂದು ನಿಲಯದಲ್ಲಿದ್ದ ಪದವಿ ತರಗತಿಯ ಹುಡುಗನೊಬ್ಬನು ಪರೀಕ್ಷೆಗೆ ಆರು ದಿನಗಳಿರುವಾಗ ಕೆಳದವಡೆಯ ಬುದ್ಧಿಹಲ್ಲನ್ನು ತೆಗೆಸಿಕೊಂಡು ಬಂದನು. ಸಂಜೆ ಬಂದಾಗ ಕೆನ್ನೆ ಊದಿತ್ತು, ತುಟಿ ಇನ್ನೂ ಮರಗಟ್ಟಿತ್ತು. ವೈದ್ಯರು ಕೊಟ್ಟ ಸೂಚನೆಯ ಚೀಟಿ ಅಂಗಿಯ ಕಿಸೆಯಲ್ಲಿ ಮಡಿಸಿದಂತೆಯೇ ಉಳಿಯಿತು. ಮರುದಿನ ಬೆಳಿಗ್ಗೆ ಬಾಯೆಲ್ಲ ರಕ್ತದ ರುಚಿ. ಹೇಸಿಗೆ ತಾಳಲಾರದೆ ನಲ್ಲಿಯ ಬಳಿಗೆ ಹೋಗಿ ನಾಲ್ಕು ತಂಬಿಗೆ ನೀರು ಖರ್ಚುಮಾಡಿ ಮುಕ್ಕಳಿಸಿದನು. ಗಂಟಲು ಕೆರೆಯುವಂತೆ ಉಗಿದನು. ಬಾಯಿ ಹಗುರವಾಯಿತೆಂದು ಸಂತೋಷವೂ ಪಟ್ಟನು. ಮೂರನೆಯ ರಾತ್ರಿ ಕಿವಿಯಲ್ಲಿ ಸಿಡಿತ ಆರಂಭವಾಯಿತು. ಕಿವಿಯ ನೋವೆಂದೇ ಬಗೆದು ಗೆಳೆಯರು ಎಣ್ಣೆ ಬಿಸಿಮಾಡಿ ಕಿವಿಗೆ ಬಿಟ್ಟರು. ಬೆಳಗಾಗುವ ತನಕ ಅವನು ಪುಸ್ತಕ ತೆರೆಯಲಿಲ್ಲ, ಮಲಗಲೂ ಇಲ್ಲ.

ನೋವು ಕಿವಿಯದಾಗಿರಲಿಲ್ಲ. ಹಲ್ಲು ಕಿತ್ತ ಕುಳಿಯಲ್ಲಿ ರಕ್ತವು ತುಂಬಿ ಹೆಪ್ಪುಗಟ್ಟುತ್ತದೆ. ಆ ಹೆಪ್ಪೇ ಕೆಳಗಿನ ಎಲುಬಿಗೂ ನರದ ತುದಿಗಳಿಗೂ ಹೊದಿಕೆ. ಹೊಸ ಮಾಂಸ ಬೆಳೆಯುವುದೂ ಅದನ್ನೇ ಆಶ್ರಯಿಸಿ. ಕನ್ನಡದಲ್ಲಿ ಹೆಪ್ಪು ಎಂಬ ಒಂದೇ ಮಾತು ಹಾಲಿಗೂ ರಕ್ತಕ್ಕೂ ಸಲ್ಲುವುದು ಇಲ್ಲಿ ಬಹಳ ಒಪ್ಪುತ್ತದೆ. ಹೆಪ್ಪು ಹಾಕಿದ ಹಾಲಿನ ಪಾತ್ರೆಯನ್ನು ರಾತ್ರಿಯೆಲ್ಲ ಕುಲುಕುತ್ತಿದ್ದರೆ ಬೆಳಿಗ್ಗೆ ಗಟ್ಟಿಮೊಸರು ಸಿಕ್ಕೀತೆ? ಯಾವ ಗೃಹಿಣಿಯೂ ಹಾಗೆ ಮಾಡಳು. ಹುಡುಗನು ಬಾಯಲ್ಲಿ ಮಾಡಿದ್ದು ಅದನ್ನೇ. ಹೆಪ್ಪು ಕಳಚಿ ಹೋಯಿತು, ಎಲುಬು ಬತ್ತಲಾಯಿತು. ಅಮೆರಿಕದ ಕ್ರಾಫರ್ಡ್ ಎಂಬ ದಂತವೈದ್ಯನು ೧೮೯೬ರಲ್ಲಿ ಈ ಸ್ಥಿತಿಗೆ ‘ಒಣಕುಳಿ’ ಎಂಬ ಅರ್ಥದ ಹೆಸರಿಟ್ಟನು. ದಂತವೈದ್ಯರು ಇಂದಿಗೂ ಡ್ರೈ ಸಾಕೆಟ್ ಎಂದೇ ಹೇಳುತ್ತಾರೆ. ಹಲ್ಲು ತೆಗೆದ ಎರಡು ಮೂರು ದಿನಗಳ ಮೇಲೆ, ನೋವು ಇಳಿಯಬೇಕಾದ ಹೊತ್ತಿಗೆ ಅದು ಏರುವುದು, ಕಿವಿಯ ಕಡೆಗೆ ಹರಡುವುದು, ಬಾಯಲ್ಲಿ ದುರ್ವಾಸನೆ ಹುಟ್ಟುವುದು—ಇವು ಅದರ ಗುರುತುಗಳು. ಬೀಡಿ ಸಿಗರೇಟು ಸೇದುವವರಿಗೆ ಇದರ ಭಯ ಹೆಚ್ಚು. ಕೊಳವೆಯಿಂದ ಎಳನೀರು ಹೀರಿದರೂ ಕುಳಿಯ ಹೆಪ್ಪು ಸೆಳೆತಕ್ಕೆ ಸಿಕ್ಕುತ್ತದೆ. ಎಲ್ಲವನ್ನೂ ನಿಯಮದಂತೆ ನಡೆಸಿದವರಿಗೂ ಒಮ್ಮೊಮ್ಮೆ ಇದು ಬರುವುದುಂಟು. ಆಗ ರೋಗಿಯನ್ನು ದೂರುವುದು ನ್ಯಾಯವಲ್ಲ.

ವೈದ್ಯರು ಕುಳಿಯನ್ನು ಮೆಲ್ಲನೆ ತೊಳೆದು, ಲವಂಗದ ಎಣ್ಣೆಯ ಸತ್ವವಿದ್ದ ಮದ್ದನ್ನು ತುಂಬಿದರು. ಅಂದು ಮಧ್ಯಾಹ್ನ ಹುಡುಗನು ಗೋಡೆಗೆ ಒರಗಿದವನು ಹಾಗೆಯೇ ನಿದ್ದೆಹೋದನು.

ಆದರೆ ಇಲ್ಲಿಗೆ ಕಥೆ ಮುಗಿಯಲಿಲ್ಲ. ನೀರು ಮುಟ್ಟಿದ್ದಕ್ಕೆ ಹೀಗಾಯಿತೆಂದು ಹೆದರಿದ ಅವನು ಇನ್ನು ಬಾಯನ್ನೇ ತೊಳೆಯಬಾರದೆಂದು ನಿಶ್ಚಯಿಸಿದನು. ನಾಲ್ಕು ದಿನ ಬ್ರಷ್ಷು ಮುಟ್ಟಲಿಲ್ಲ. ಹೊಲಿಗೆಯ ದಾರಗಳಿಗೆ ಗಂಜಿಯ ಬಿಳಿ ಲೇಪ ಹತ್ತಿತು. ಮುಂದಿನ ಹಲ್ಲುಗಳ ವಸಡು ಕೆಂಪಾಗಿ ಒಸರತೊಡಗಿತು. ಅತಿಶುಚಿಯಿಂದ ಹುಟ್ಟಿದ ಕೇಡು ಹೀಗೆ ಅಶುಚಿಯ ಕಡೆಗೆ ವಾಲಿತು.

ಪ್ರಾಚೀನ ವೈದ್ಯಗ್ರಂಥಗಳು ಹಲ್ಲುಜ್ಜುವುದನ್ನು ನಿತ್ಯಕರ್ಮವೆಂದು ವಿಧಿಸಿದುದು ಎಲ್ಲರಿಗೂ ಗೊತ್ತು. ಅವು ಅದನ್ನು ಕೆಲವರಿಗೆ ನಿಷೇಧಿಸಿದುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ವಾಗ್ಭಟನ ಅಷ್ಟಾಂಗಹೃದಯದ ಸೂತ್ರಸ್ಥಾನ, ಎರಡನೆಯ ಅಧ್ಯಾಯದಲ್ಲಿ, ಹಲ್ಲುಕಡ್ಡಿಯನ್ನು ಬಳಸಕೂಡದವರ ಪಟ್ಟಿಯೊಂದಿದೆ. ಜ್ವರ, ಕೆಮ್ಮು, ಅಜೀರ್ಣಗಳಿಂದ ಬಳಲುವವರ ಜೊತೆಗೆ ಬಾಯಿ ಹುಣ್ಣಾದವನೂ ಅದರಲ್ಲಿ ಸೇರಿದ್ದಾನೆ. ಅದೇ ಗ್ರಂಥದ ೨೨ನೆಯ ಅಧ್ಯಾಯವು ಗಂಡೂಷಕ್ಕೂ ಕವಲಕ್ಕೂ ಭೇದ ಕಲ್ಪಿಸುತ್ತದೆ. ಬಾಯಲ್ಲಿ ಆಡಿಸಲಾಗದಷ್ಟು ದ್ರವವನ್ನು ತುಂಬಿ ಹಿಡಿಯುವುದು ಗಂಡೂಷ, ಆಡಿಸಲು ಬರುವಂತೆ ತುಂಬುವುದು ಕವಲ. ಹಲ್ಲು ತೆಗೆಸಿಕೊಂಡವನಿಗೆ ಹೇಳಿದ ವಿಧಿ ಇವೆರಡರಲ್ಲಿ ಯಾವುದೂ ಅಲ್ಲ: ಒಂದು ಗುಟುಕು ನೀರನ್ನು ಬಾಯಿಗೆ ತೆಗೆದುಕೊಂಡು, ತಲೆಯನ್ನು ಆ ಕಡೆಗೆ ಈ ಕಡೆಗೆ ವಾಲಿಸಿ, ಬಾಯಿ ತೆರೆದು ನೀರು ತಾನಾಗಿ ಕೆಳಗೆ ಬೀಳುವಂತೆ ಬಿಡುವುದು. ಉಗಿಯುವ ಕ್ರಿಯೆಯೇ ಅಲ್ಲಿಲ್ಲ. ಇದಕ್ಕೆ ಕನ್ನಡದಲ್ಲಿ ಒಂದು ಪದವಿಲ್ಲದಿರುವುದು ಸಣ್ಣ ಕೊರತೆಯೇ ಸರಿ. ಮುಕ್ಕಳಿಸು ಎಂದೊಡನೆ ಕೆನ್ನೆಗಳು ತಾವಾಗಿಯೇ ಉಬ್ಬುತ್ತವೆ.

ಹುಡುಗನ ಚೀಟಿಯಲ್ಲಿದ್ದುದಿಷ್ಟೇ. ಹಲ್ಲು ತೆಗೆದ ಮೊದಲ ೨೪ ಗಂಟೆ ಮುಕ್ಕಳಿಸಬಾರದು, ಉಗಿಯಬಾರದು. ಆ ದಿನವೂ ಉಳಿದ ಹಲ್ಲುಗಳನ್ನು ಮೆದುವಾದ ಬ್ರಷ್ಷಿನಿಂದ, ಗಾಯದ ಹತ್ತಿರ ಹೋಗದೆ, ನಿಧಾನವಾಗಿ ಉಜ್ಜಬಹುದು. ಮರುದಿನದಿಂದ ಕುದಿಸಿ ಆರಿಸಿದ ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಬೆರೆಸಿ, ಪ್ರತಿ ಊಟದ ಮೇಲೆಯೂ ಮಲಗುವ ಮುನ್ನವೂ ಬಾಯಲ್ಲಿ ಹಿಡಿದು ಬಿಡಬೇಕು. ವೈದ್ಯರು ಕ್ಲೋರ್‌ಹೆಕ್ಸಿಡೀನ್ ದ್ರಾವಣ ಬರೆದುಕೊಟ್ಟರೆ ಅದನ್ನು ಹಲ್ಲುಜ್ಜಿದ ಕೂಡಲೇ ಬಳಸದೆ ಅರ್ಧ ಗಂಟೆ ತಡೆಯುವುದು ಲೇಸು. ಹಲ್ಲಿನ ಮೇಲೆ ಪಾಚಿಯಂತೆ ಕಟ್ಟುವ ಲೇಪವನ್ನು ಅದು ತಡೆಯುವುದನ್ನು ೧೯೭೦ರಲ್ಲಿ ಲೋ ಮತ್ತು ಷಿಯೋಟ್ ಎಂಬ ವಿದ್ವಾಂಸರು ತೋರಿಸಿದರು. ಹೆಚ್ಚು ದಿನ ಬಳಸಿದರೆ ಹಲ್ಲಿಗೆ ಕಂದುಬಣ್ಣ ಹತ್ತುತ್ತದೆ, ನಾಲಿಗೆಯ ರುಚಿ ಕೆಡುತ್ತದೆ. ಆದ್ದರಿಂದ ಹೇಳಿದಷ್ಟು ದಿನವೇ ಸಾಕು.

ಚೀಟಿಯಲ್ಲಿ ಇಲ್ಲದ ಕೆಲವನ್ನು ನಿಲಯದ ಅಡುಗೆಯವರು ಬಲ್ಲವರಾಗಿದ್ದರು. ಅವರ ಮಗನಿಗೂ ಹಿಂದೆ ಇದೇ ಹಲ್ಲು ತೆಗೆಸಿದ್ದರಂತೆ. ಜೋಳದ ರೊಟ್ಟಿ, ಶೇಂಗಾಪುಡಿಗಳನ್ನು ಅವರು ಹುಡುಗನ ತಟ್ಟೆಯ ಬಳಿಗೇ ಸುಳಿಯಗೊಡಲಿಲ್ಲ. ಮೆತ್ತಗಿನ ಅನ್ನಕ್ಕೆ ಮೊಸರು ಕಲಸಿ ಕೊಟ್ಟರು, ಒಗ್ಗರಣೆ ಹಾಕದೆ. ಸಾಸಿವೆಯ ಕಾಳು ಆ ಕುಳಿಗೆ ಅಳತೆ ಹಿಡಿದಂತೆ ಕೂರುತ್ತದೆ ಎಂಬುದು ಅವರ ಅನುಭವ. ಊಟ ಮುಗಿಯುವ ಹೊತ್ತಿಗೆ ಉಪ್ಪುನೀರಿನ ಲೋಟವನ್ನು ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಕುಳಿಯಲ್ಲಿ ಕಂಡ ಹಳದಿ ಮಿಶ್ರಿತ ಬಿಳಿ ಪೊರೆಯನ್ನು ಕೀವೆಂದು ತಿಳಿದು ಕಡ್ಡಿಯಿಂದ ಕೆದಕಹೊರಟ ಹುಡುಗನ ಕೈಯಿಂದ ಕಡ್ಡಿ ಕಸಿದವರೂ ಅವರೇ. ಅದು ಬಹುಮಟ್ಟಿಗೆ ಮಾಯುವ ಗಾಯದ ಸಹಜವಾದ ಹೊದಿಕೆ. ಜ್ವರ ಬಂದರೆ, ಮೂರು ದಿನ ಕಳೆದ ಮೇಲೆಯೂ ಬಾವು ಏರುತ್ತಿದ್ದರೆ, ನುಂಗಲು ಕಷ್ಟವಾದರೆ ಮಾತ್ರ ಅಂಜಬೇಕು. ಆಗ ತಡಮಾಡದೆ ವೈದ್ಯರಲ್ಲಿಗೆ ಹೋಗತಕ್ಕದ್ದು.

ಪರೀಕ್ಷೆಯ ದಿನ ಹುಡುಗನ ಬಾಯಿ ಎರಡು ಬೆರಳು ಹಿಡಿಸುವಷ್ಟೇ ತೆರೆಯುತ್ತಿತ್ತು. ಬರೆಯುವುದಕ್ಕೆ ಅದರಿಂದ ಅಡ್ಡಿಯಾಗಲಿಲ್ಲ. ಹತ್ತು ದಿನಗಳಲ್ಲಿ ನೋವು ಪೂರ್ತಿ ಅಡಗಿತು. ಕುಳಿ ಮುಚ್ಚಲು ಮತ್ತೂ ಕೆಲವು ವಾರಗಳು ಹಿಡಿದವು.

ಮುಂದಿನ ಸತ್ರದಲ್ಲಿ ಇನ್ನೊಂದು ಪಕ್ಕದ ಬುದ್ಧಿಹಲ್ಲನ್ನೂ ತೆಗೆಸಬೇಕಾಯಿತು. ಮರುದಿನ ಬೆಳಿಗ್ಗೆ ನಲ್ಲಿಗಳ ಸಾಲಿನಲ್ಲಿ ಎಂದಿನ ಗದ್ದಲವೆಲ್ಲ ನಡೆದಿತ್ತು. ಹುಡುಗನು ಕೊನೆಯ ನಲ್ಲಿಯ ಬಳಿ ಬ್ರಷ್ಷು ಹಿಡಿದು, ಮುಂದಿನ ಹಲ್ಲುಗಳನ್ನು ಸದ್ದಿಲ್ಲದೆ ಉಜ್ಜುತ್ತ ನಿಂತಿದ್ದನು. ಅವನ ಎದುರಿನ ಗೋಡೆಗೆ, ಕಣ್ಣಿನ ಮಟ್ಟಕ್ಕೆ ಸರಿಯಾಗಿ, ವೈದ್ಯರ ಚೀಟಿಯನ್ನು ಅನ್ನದ ಅಗುಳಿನಿಂದ ಅಂಟಿಸಲಾಗಿತ್ತು.