ಓಣಿಗೂ ಒಂದು ಸನದು ಬೇಕು

ಕರಾಚಿ ನಗರದಲ್ಲಿ ಹಿಂದೂ ಜಿಮ್‌ಖಾನಾ ಎಂಬ ಹಳೆಯ ಕಟ್ಟಡವಿದೆ. ಅಲ್ಲಿದ್ದ ಹಿಂದೂ ಸಮಾಜದವರು ತಮ್ಮ ಕೂಟಗಳಿಗಾಗಿ ಕಟ್ಟಿಸಿಕೊಂಡದ್ದು. 1925ರಲ್ಲಿ ಪೂರ್ತಿಯಾಯಿತು. ಅದರ ನಕ್ಷೆ ಬರೆದವರು ಆಗಾ ಅಹ್ಮದ್ ಹುಸೇನ್ ಎಂಬ ಮುಸ್ಲಿಂ ವಾಸ್ತುಶಿಲ್ಪಿ. ಅವರು ಮಾದರಿಯಾಗಿ ಇಟ್ಟುಕೊಂಡದ್ದು ಆಗ್ರಾದ ಇತಿಮಾದುದ್ದೌಲಾ ಗೋರಿಯನ್ನು. ಎರಡಡಿ ದಪ್ಪದ ಗೋಡೆಗಳ ಕಲ್ಲು ಬಿಜಾಪುರದಿಂದ ಹೋದದ್ದು ಎಂದು ಆ ಕಟ್ಟಡದ ವಿವರಣೆಯಲ್ಲಿದೆ. ಅದನ್ನು ಓದಿದ ಮೇಲೆ, ಇದೇ ಊರಲ್ಲಿ ಹುಟ್ಟಿ ಇಲ್ಲೇ ಮಕ್ಕಳಿಗೆ ಪಾಠ ಹೇಳುತ್ತಿರುವ ನನಗೆ ಪುಸ್ತಕ ಮುಚ್ಚಿಡಲು ಮನಸ್ಸಾಗಲಿಲ್ಲ.

1947ರಲ್ಲಿ ದೇಶ ಇಬ್ಭಾಗವಾಯಿತು. ಜಿಮ್‌ಖಾನಾದ ಸದಸ್ಯರಲ್ಲಿ ಹೆಚ್ಚಿನವರು ಭಾರತಕ್ಕೆ ಬಂದರು. ಇಲ್ಲಿಂದ ಲಕ್ಷಾಂತರ ಜನ ಅಲ್ಲಿಗೆ ಹೋದರು. 1941ರಲ್ಲಿ ಸುಮಾರು ನಾಲ್ಕು ಲಕ್ಷ ಜನರಿದ್ದ ಕರಾಚಿಯಲ್ಲಿ 1951ರ ಹೊತ್ತಿಗೆ ಹತ್ತು ಲಕ್ಷ ಮೀರಿತ್ತು. ಹೊಸದಾಗಿ ಬಂದವರಿಗೆ ತಾವು ಕಾಲಿಟ್ಟ ಮನೆಯನ್ನು ಯಾರು ಕಟ್ಟಿಸಿದರು, ಆ ಬೀದಿಗೆ ಆ ಹೆಸರು ಯಾಕೆ ಬಂತು ಎಂಬುದು ತಿಳಿದಿರಲಿಲ್ಲ. ಹೇಳಬೇಕಾದವರು ಊರು ಬಿಟ್ಟಾಗಿತ್ತು. ಹೀಗೆ ಒಂದು ನಗರ ಜನರಿಂದ ತುಂಬಿ ತುಳುಕುತ್ತಿದ್ದರೂ ಅದರ ನೆನಪು ಮಾತ್ರ ಬರಿದಾಗುತ್ತಾ ಬಂತು.

1984ರಲ್ಲಿ ಈ ಜಿಮ್‌ಖಾನಾವನ್ನೂ ಕೆಡವಲು ಹೊರಟರು. ಅಡ್ಡ ನಿಂತದ್ದು ಹೆರಿಟೇಜ್ ಫೌಂಡೇಶನ್ ಎಂಬ ಸಂಸ್ಥೆ. ಅದನ್ನು 1980ರಲ್ಲಿ ಸ್ಥಾಪಿಸಿದವರು ಯಾಸ್ಮೀನ್ ಲಾರಿ ಮತ್ತು ಅವರ ಪತಿ, ಇತಿಹಾಸಕಾರ ಸುಹೈಲ್ ಝಹೀರ್ ಲಾರಿ. ಕಟ್ಟಡ ಉಳಿಯಿತು. 2005ರಲ್ಲಿ ಅಲ್ಲಿ ನಾಟಕ ಮತ್ತು ಸಂಗೀತ ಕಲಿಸುವ ಅಕಾಡೆಮಿ ಶುರುವಾಯಿತು.

ಸದಸ್ಯರೇ ಇಲ್ಲದ ಒಂದು ಹಿಂದೂ ಕೂಟದ ಕಟ್ಟಡವನ್ನು ಒಬ್ಬ ಮುಸ್ಲಿಂ ಮಹಿಳೆ ಯಾಕೆ ಉಳಿಸಬೇಕು? ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು.

ಯಾಸ್ಮೀನ್ ಲಾರಿ ಹುಟ್ಟಿದ್ದು 1941ರಲ್ಲಿ, ಡೇರಾ ಘಾಜಿ ಖಾನ್‌ನಲ್ಲಿ. ತಂದೆ ದೊಡ್ಡ ಸರ್ಕಾರಿ ಅಧಿಕಾರಿ. ಇಂಗ್ಲೆಂಡಿನಲ್ಲಿ ಓದಿ ಬಂದು ಪಾಕಿಸ್ತಾನದ ಮೊದಲ ಮಹಿಳಾ ವಾಸ್ತುಶಿಲ್ಪಿ ಎನಿಸಿದರು. ಕರಾಚಿಯಲ್ಲಿ ಕಾಂಕ್ರೀಟು ಮತ್ತು ಗಾಜಿನ ಎತ್ತರದ ಕಟ್ಟಡಗಳನ್ನು ಕಟ್ಟಿದರು. ಅದರ ನಡುವೆಯೇ ಪತಿಯ ಜೊತೆ ಠಟ್ಟಾದಂಥ ಹಳೆಯ ಊರುಗಳ ಗಲ್ಲಿ ಗಲ್ಲಿ ಸುತ್ತಿದರು. ಹೊಸದನ್ನು ಕಟ್ಟಬಲ್ಲವರೇ ಹಳೆಯದನ್ನು ಉಳಿಸಲು ನಿಂತರು. 2000ದಲ್ಲಿ ಕಟ್ಟಡ ಕಟ್ಟುವ ವೃತ್ತಿಯಿಂದ ನಿವೃತ್ತರಾದ ಮೇಲೆ ಪೂರ್ತಿಯಾಗಿ ಇದಕ್ಕೇ ಇಳಿದರು.

ಅವರ ಕೆಲಸ ಭಾಷಣದಿಂದ ಶುರುವಾಗಲಿಲ್ಲ, ಪಟ್ಟಿಯಿಂದ ಶುರುವಾಯಿತು. ಯಾವ ಬೀದಿಯಲ್ಲಿ ಯಾವ ಹಳೆಯ ಕಟ್ಟಡವಿದೆ, ಯಾರು ಕಟ್ಟಿಸಿದರು, ಈಗ ಯಾವ ಸ್ಥಿತಿಯಲ್ಲಿದೆ ಎಂದು ಬೀದಿ ಬೀದಿ ನೋಡಿ ಬರೆದಿಡುವುದು. ಮುಂದೆ 1994ರಲ್ಲಿ ಸಿಂಧ್ ಪ್ರಾಂತದಲ್ಲಿ ಪರಂಪರೆಯನ್ನು ಕಾಪಾಡುವ ಕಾನೂನು ಬಂದಾಗ ಕರಾಚಿಯ ನೂರಾರು ಕಟ್ಟಡಗಳಿಗೆ ರಕ್ಷಣೆ ಸಿಕ್ಕಿತು. ಪಟ್ಟಿಯಲ್ಲಿ ಹೆಸರೇ ಇಲ್ಲದ ಕಟ್ಟಡವನ್ನು ಯಾವ ಕಾನೂನು ತಾನೇ ಕಾಪಾಡೀತು? 1996ರಲ್ಲಿ ಮಗನ ಜೊತೆ ಸೇರಿ ಬ್ರಿಟಿಷರ ಕಾಲದ ಕರಾಚಿಯ ಬಗ್ಗೆ ಒಂದು ದೊಡ್ಡ ಪುಸ್ತಕವನ್ನೂ ಹೊರತಂದರು.

ಕಾನೂನು ಬಂದರೆ ಸಾಲದು, ಜನರಿಗೆ ಪ್ರೀತಿ ಬರಬೇಕು. ಅದಕ್ಕಾಗಿ ಅವರು 'ಕಾರವಾನ್ ಕರಾಚಿ' ಎಂಬ ಕಾರ್ಯಕ್ರಮ ನಡೆಸಿದರು. ಶಾಲಾ ಮಕ್ಕಳನ್ನೂ ಊರಿನವರನ್ನೂ ಹಳೆಯ ಕಟ್ಟಡಗಳ ಮುಂದೆ ಸೇರಿಸುವುದು, ಕಸ ತೆಗೆದು ಗೋಡೆ ತೊಳೆಯುವುದು, ಆ ಬೀದಿಯಲ್ಲೇ ಒಂದು ಹಬ್ಬ ಮಾಡುವುದು. ತನ್ನ ಕೈಯಾರೆ ತೊಳೆದ ಗೋಡೆಯ ಮೇಲೆ ಯಾವ ಮಗುವೂ ಉಗುಳುವುದಿಲ್ಲ.

ಎಂಬತ್ತರ ವಯಸ್ಸಿನಲ್ಲೂ ಅವರು ಸುಮ್ಮನೆ ಕೂರಲಿಲ್ಲ. ಕರಾಚಿಯಲ್ಲಿ ಡೆನ್ಸೊ ಹಾಲ್ ಎಂಬ ಕಟ್ಟಡವಿದೆ. ಬ್ರಿಟಿಷರ ಕಾಲದಲ್ಲಿ, 1886ರಲ್ಲಿ, ಸ್ಥಳೀಯ ಜನರಿಗಾಗಿ ಕಟ್ಟಿದ ಗ್ರಂಥಾಲಯ ಅದು. ಅದರ ಪಕ್ಕದ ರಸ್ತೆಯನ್ನು ಯಾಸ್ಮೀನ್ ಲಾರಿ ನಡೆದಾಡುವವರ ಬೀದಿಯಾಗಿ ಮಾಡಿದರು. ನೆಲಕ್ಕೆ ಸಿಮೆಂಟಿನ ಬದಲು ಮಳೆನೀರು ಇಂಗುವಂಥ ಸುಟ್ಟ ಮಣ್ಣಿನ ಹಾಸುಗಳನ್ನು ಹಾಕಿಸಿದರು. ಆ ಹಾಸುಗಳನ್ನು ಮಾಡಿಕೊಟ್ಟವರು ಮಕ್ಲಿಯ ಸುತ್ತಲಿನ ಹಳ್ಳಿಗಳವರು, ಹಿಂದೆ ಭಿಕ್ಷೆ ಬೇಡುತ್ತಿದ್ದ ಜನ. ಇತಿಹಾಸದ ಕೆಲಸ ಉಳ್ಳವರ ಹವ್ಯಾಸ ಎನ್ನುವವರು ಇದನ್ನು ಗಮನಿಸಬೇಕು. 2023ರಲ್ಲಿ ಬ್ರಿಟನ್ನಿನ ವಾಸ್ತುಶಿಲ್ಪಿಗಳ ಸಂಸ್ಥೆ ತನ್ನ ಅತ್ಯುನ್ನತ ಗೌರವವಾದ ರಾಯಲ್ ಚಿನ್ನದ ಪದಕವನ್ನು ಅವರಿಗೆ ನೀಡಿತು.

ಈಗ ನನ್ನ ಪ್ರಶ್ನೆಗೆ ಬರುತ್ತೇನೆ. ಮದ್ರಸದಲ್ಲಿ ನಮ್ಮ ಉಸ್ತಾದರು ಯಾವುದೇ ವರದಿಯನ್ನು ಹೇಳುವ ಮೊದಲು ಅದರ ಸನದು ಹೇಳುತ್ತಿದ್ದರು. ಇವರು ಇವರಿಂದ ಕೇಳಿದರು, ಅವರು ಅವರಿಂದ ಕೇಳಿದರು ಎಂಬ ಸರಪಳಿ. ನಡುವೆ ಒಂದು ಕೊಂಡಿ ಕಳಚಿದರೂ ಮಾತಿನ ತೂಕ ಕಡಿಮೆ. ಮುಂದೆ ಬಿ.ಎ.ಯಲ್ಲಿ ಇತಿಹಾಸ ಓದುವಾಗ ಪ್ರೊಫೆಸರರು ಆಧಾರ ಎಲ್ಲಿ, ಆಧಾರ ಎಲ್ಲಿ ಎಂದು ಕೇಳುತ್ತಿದ್ದರು. ಎರಡೂ ಒಂದೇ ಎಂದು ಆಗಲೇ ನನಗೆ ಅನಿಸಿತ್ತು. ಸರಪಳಿಯಲ್ಲಿ ನಮಗೆ ಬೇಕಾದ ಕೊಂಡಿಯನ್ನು ಇಟ್ಟುಕೊಂಡು ಬೇಡವಾದದ್ದನ್ನು ಕಿತ್ತುಹಾಕುವ ಹಕ್ಕು ನಮಗಿಲ್ಲ. ಕರಾಚಿಯ ಸರಪಳಿಯಲ್ಲಿ ಹಿಂದೂ ವರ್ತಕನೂ ಒಂದು ಕೊಂಡಿ, ಮುಸ್ಲಿಂ ಶಿಲ್ಪಿಯೂ ಒಂದು ಕೊಂಡಿ, ನಮ್ಮೂರಿನ ಕಲ್ಲು ಒಡೆದ ಕೂಲಿಯವನೂ ಒಂದು ಕೊಂಡಿ. ಯಾಸ್ಮೀನ್ ಲಾರಿ ಕಾಪಾಡಿದ್ದು ಆ ಸರಪಳಿಯನ್ನು. ಬೇರೊಬ್ಬರ ನೆನಪನ್ನು ಅಮಾನತ್ತಿನಂತೆ ಜೋಪಾನ ಮಾಡಿದವರಿಗೆ, ನಮ್ಮ ನೆನಪನ್ನೂ ಉಳಿಸಿ ಎಂದು ಕೇಳುವ ನೈತಿಕ ಬಲ ಬರುತ್ತದೆ. ಇಂದಿನ ದಿನಗಳಲ್ಲಿ ಆ ಬಲ ನಮಗೆ ಎಷ್ಟು ಅಗತ್ಯ ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಊರಿನ ಗೋಲ ಗುಮ್ಮಟ, ಇಬ್ರಾಹಿಂ ರೋಜಾಗಳ ಕಥೆ ಪಾಠಪುಸ್ತಕದಲ್ಲಿದೆ. ಅವುಗಳನ್ನು ಕಾಯಲು ಸರ್ಕಾರದ ಪುರಾತತ್ವ ಇಲಾಖೆಯಿದೆ. ಆದರೆ ನಮ್ಮ ಓಣಿಯ ಕಥೆ ಯಾರ ಬಳಿ ಇದೆ? ಹೀಗೆಂದು ಯೋಚಿಸಿ ನಾನು ಎಂಟನೇ ತರಗತಿಯ ಹುಡುಗಿಯರಿಗೆ ಒಂದು ಕೆಲಸ ಕೊಟ್ಟೆ. ಮನೆಯಲ್ಲಿ ಎಲ್ಲರಿಗಿಂತ ಹಿರಿಯ ಹೆಂಗಸನ್ನು ಮೂರು ಮಾತು ಕೇಳಿ ಬರೆಯಬೇಕು. ಈ ಓಣಿಗೆ ಈ ಹೆಸರು ಯಾಕೆ? ಇಲ್ಲಿಯ ಬಾವಿ ತೋಡಿಸಿದವರು ಯಾರು? ನಮಗಿಂತ ಮುಂಚೆ ಈ ಮನೆಯಲ್ಲಿ ಯಾರಿದ್ದರು?

ಒಬ್ಬಳ ದಾದಿಗೆ ತೊಂಬತ್ತರ ಹತ್ತಿರ ವಯಸ್ಸು. ಈಗ ಅಂಗಡಿ ಸಾಲಿನ ಅಡಿಯಲ್ಲಿ ಮುಚ್ಚಿಹೋಗಿರುವ ಬಾವಿಯನ್ನು ಒಬ್ಬ ವಿಧವೆ ತನ್ನ ಬಳೆ ಮಾರಿ ತೋಡಿಸಿದ್ದಳೆಂದೂ, ಯಾವ ಜಾತಿಯವರಿಗೂ ಅಲ್ಲಿ ಹಗ್ಗ ಇಳಿಸಲು ತಡೆ ಇರಲಿಲ್ಲವೆಂದೂ ಅವರು ಹೇಳಿದರಂತೆ. ಕೊನೆಗೆ, "ಇಷ್ಟು ವರ್ಷ ಇದನ್ನು ಯಾರೂ ನನ್ನ ಕೇಳಲೇ ಇಲ್ಲ ಬೇಟಿ" ಅಂದರಂತೆ. ಆ ವರ್ಷದ ರಮಝಾನಿಗೆ ಮುಂಚೆ ದಾದಿ ತೀರಿಕೊಂಡರು. ಬಾವಿಯ ವಿಷಯ ಈಗ ಇರುವುದು ಹದಿಮೂರು ವರ್ಷದ ಹುಡುಗಿಯ ನೋಟ್‌ಬುಕ್ಕಿನಲ್ಲಿ ಮಾತ್ರ.

ಸಹೋದರಿಯರೇ, ಪಟ್ಟಿ ಬರೆಯುವುದು ನಮಗೆ ಹೊಸದಲ್ಲ. ಯಾರ ಮದುವೆಯಲ್ಲಿ ಯಾರು ಏನು ಆಯೇರಿ ಮಾಡಿದರು ಎಂದು ಇಪ್ಪತ್ತು ವರ್ಷದ ಲೆಕ್ಕ ನಮ್ಮಲ್ಲಿರುತ್ತದೆ. ಅದೇ ಪುಸ್ತಕದ ಹಿಂದಿನ ಹಾಳೆಗಳು ಖಾಲಿ ಇವೆ. ಮನೆಯ ಹಿರಿಯರು ಮಗ್ರಿಬ್ ನಮಾಝ್ ಮುಗಿಸಿ ಕೂತಾಗ ಒಂದೊಂದೇ ಕೇಳಿ. ಹೇಳಿದವರ ಹೆಸರು, ಅವರು ಯಾರಿಂದ ಕೇಳಿದರು, ಬರೆದ ತಾರೀಕು, ಈ ಮೂರನ್ನು ಮಾತ್ರ ಬಿಡಬೇಡಿ. ಮುಂದೆ ನಮ್ಮ ಮೊಮ್ಮಕ್ಕಳು ಇದು ನಮ್ಮೂರು ಎಂದು ಹೇಳುವಾಗ ಅವರ ಕೈಯಲ್ಲಿ ಒಂದು ಸನದು ಇರಲಿ.